ಮೈಕೆಲ್ ರೋಸೆನ್

ಮೈಕೆಲ್ ರೋಸೆನ್ (ಜನನ: ಮೇ 7, 1946) ಇಂಗ್ಲೆಂಡಿನ ಪ್ರಸಿದ್ಧ ಮಕ್ಕಳ ಸಾಹಿತಿ, ಕವಿ, ರೇಡಿಯೋ ನಿರೂಪಕ ಹಾಗೂ ಪ್ರಾಧ್ಯಾಪಕ. ನೂರಕ್ಕೂ ಹೆಚ್ಚು ಪುಸ್ತಕಗಳನ್ನು ರಚಿಸಿರುವ ಇವರು 2007ರಿಂದ 2009ರವರೆಗೆ ಬ್ರಿಟನ್ನಿನ 'ಚಿಲ್ಡ್ರನ್ಸ್ ಲಾರಿಯೇಟ್' ಎಂಬ ಗೌರವ ಸ್ಥಾನದಲ್ಲಿದ್ದರು. 1970ರ ದಶಕದಿಂದಲೂ ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳ ಎದುರಿನಲ್ಲಿ ಕವಿತೆಗಳನ್ನು ಅಭಿನಯಪೂರ್ವಕವಾಗಿ ಹೇಳುವುದು, ಅವರಿಂದ ಕವಿತೆಗಳನ್ನು ಬರೆಯಿಸುವುದು ಇವರ ಮುಖ್ಯ ಕಾಯಕವಾಗಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಣ್ಮರೆಯಾದ ತಮ್ಮ ಬಂಧುಗಳ ಕಥೆಯನ್ನು ಹಲವು ವರ್ಷಗಳ ಹುಡುಕಾಟದಿಂದ ಬೆಳಕಿಗೆ ತಂದು, ಅದನ್ನು ಮಕ್ಕಳಿಗೆ ತಿಳಿಯುವ ಭಾಷೆಯಲ್ಲಿ ಹೇಳಿರುವುದು ಇವರ ಇತ್ತೀಚಿನ ಬರವಣಿಗೆಯ ವೈಶಿಷ್ಟ್ಯ.

ಜನನ ಮತ್ತು ಮನೆತನ

ರೋಸೆನ್ ಅವರು ಲಂಡನ್ ಸಮೀಪದ ಹ್ಯಾರೋ ಎಂಬಲ್ಲಿ ಜನಿಸಿದರು. ಬಾಲ್ಯವನ್ನು ಪಿನ್ನರ್ ಎಂಬ ಉಪನಗರದಲ್ಲಿ ಕಳೆದರು. ತಂದೆ ಹೆರಾಲ್ಡ್ ರೋಸೆನ್, ತಾಯಿ ಕೋನಿ. ಇಬ್ಬರೂ ಲಂಡನ್ನಿನ ಪೂರ್ವ ಭಾಗದ ಬಡ ಯಹೂದಿ ಬಡಾವಣೆಗಳಲ್ಲಿ ಬೆಳೆದವರು. ಅವರ ಹಿರಿಯರು ಪೂರ್ವ ಯೂರೋಪಿನಿಂದ ವಲಸೆ ಬಂದಿದ್ದರು. ಹೆರಾಲ್ಡ್ ಹುಟ್ಟಿದ್ದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ಎರಡು ವರ್ಷದ ಮಗುವಾಗಿದ್ದಾಗಲೇ ಅವರು ತಾಯಿಯೊಡನೆ ಲಂಡನ್ನಿಗೆ ಬಂದರು. ಅವರ ತಂದೆ ಮಾತ್ರ ಅಮೆರಿಕದಲ್ಲಿಯೇ ಉಳಿದುಬಿಟ್ಟರು.

1936ರ ಅಕ್ಟೋಬರ್ 4ರಂದು ಆಸ್ವಾಲ್ಡ್ ಮೋಸ್ಲಿಯ ಫ್ಯಾಸಿಸ್ಟ್ ಸಂಘಟನೆಯು ಪೂರ್ವ ಲಂಡನ್ನಿನ ಯಹೂದಿ ಬಡಾವಣೆಗಳ ಮೂಲಕ ಮೆರವಣಿಗೆ ಹೊರಡಲು ಯತ್ನಿಸಿದಾಗ ಸ್ಥಳೀಯರು ಬೀದಿಗಿಳಿದು ಅದನ್ನು ತಡೆದರು. 'ಕೇಬಲ್ ಸ್ಟ್ರೀಟ್ ಕದನ' ಎಂದು ಹೆಸರಾದ ಆ ಪ್ರತಿಭಟನೆಯಲ್ಲಿ ಆಗಿನ್ನೂ ಹದಿಹರೆಯದವರಾಗಿದ್ದ ಹೆರಾಲ್ಡ್ ಮತ್ತು ಕೋನಿ ಭಾಗವಹಿಸಿದ್ದರು. ಮನೆಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದ್ದ ಈ ಪ್ರಸಂಗವನ್ನು ರೋಸೆನ್ ತಮ್ಮ ಲೇಖನಗಳಲ್ಲಿಯೂ ಭಾಷಣಗಳಲ್ಲಿಯೂ ಸ್ಮರಿಸುತ್ತಾರೆ. ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದ ತಂದೆತಾಯಿಗಳು 1957ರಲ್ಲಿ ಪಕ್ಷವನ್ನು ತೊರೆದರು.

ಇಬ್ಬರೂ ವೃತ್ತಿಯಿಂದ ಅಧ್ಯಾಪಕರು. ಹೆರಾಲ್ಡ್ ಮುಂದೆ ಲಂಡನ್ ವಿಶ್ವವಿದ್ಯಾಲಯದ ಶಿಕ್ಷಣ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಪ್ರಾಥಮಿಕ ಶಾಲೆಯ ಮಕ್ಕಳ ಭಾಷೆಯನ್ನು ಕುರಿತು ದಂಪತಿಗಳಿಬ್ಬರೂ ಸೇರಿ ಬರೆದ ಗ್ರಂಥವು 1973ರಲ್ಲಿ ಪ್ರಕಟವಾಯಿತು. ಮಗು ಮನೆಯಲ್ಲಿ ಆಡುವ ಮಾತು ಕೀಳಲ್ಲ, ಕಲಿಕೆಯು ಆ ಮಾತಿನಿಂದಲೇ ಮೊದಲಾಗಬೇಕು ಎಂಬುದು ಅವರ ನಿಲುವಾಗಿತ್ತು. ಮಗನ ಸಾಹಿತ್ಯದ ತಳಹದಿಯೂ ಇದೇ ಆಯಿತು.

ವಿದ್ಯಾಭ್ಯಾಸ ಮತ್ತು ವೃತ್ತಿಜೀವನ

ರೋಸೆನ್ ಅವರು ಮೊದಲು ವೈದ್ಯಕೀಯ ಶಿಕ್ಷಣಕ್ಕೆ ಸೇರಿದರಾದರೂ ಅದನ್ನು ಮುಂದುವರಿಸದೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಾಡಮ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ವ್ಯಾಸಂಗ ಮಾಡಿದರು. ಪದವಿಯ ನಂತರ ಬಿ.ಬಿ.ಸಿ.ಯಲ್ಲಿ ತರಬೇತಿ ಪಡೆಯುತ್ತಿದ್ದ ಅವರು 1972ರಲ್ಲಿ ಆ ಸಂಸ್ಥೆಯನ್ನು ಬಿಡಬೇಕಾಯಿತು. ಆ ಬಳಿಕ ಸ್ವತಂತ್ರ ಬರಹಗಾರರಾದರು. ಮುಂದಿನ ವರ್ಷಗಳಲ್ಲಿ ಮಕ್ಕಳ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿಯನ್ನೂ ಡಾಕ್ಟರೇಟ್ ಪದವಿಯನ್ನೂ ಪಡೆದರು. ಬಿ.ಬಿ.ಸಿ. ರೇಡಿಯೋ 4ರಲ್ಲಿ ಭಾಷೆಯ ಬಳಕೆಯನ್ನು ಕುರಿತ 'ವರ್ಡ್ ಆಫ್ ಮೌತ್' ಎಂಬ ಕಾರ್ಯಕ್ರಮವನ್ನು ದೀರ್ಘಕಾಲ ನಡೆಸಿದ್ದಾರೆ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಸಾಹಿತ್ಯದ ಪ್ರಾಧ್ಯಾಪಕರಾಗಿ ಸೇವೆ ಸಲ್ಲಿಸಿದ್ದಾರೆ.

ಮಕ್ಕಳ ಸಾಹಿತ್ಯ

1974ರಲ್ಲಿ ಪ್ರಕಟವಾದ 'ಮೈಂಡ್ ಯುವರ್ ಓನ್ ಬಿಸಿನೆಸ್' ರೋಸೆನ್ ಅವರ ಮೊದಲ ಮಕ್ಕಳ ಕವನಸಂಕಲನ. ಇದಕ್ಕೆ ಚಿತ್ರ ಬರೆದವರು ಖ್ಯಾತ ಚಿತ್ರಕಾರ ಕ್ವೆಂಟಿನ್ ಬ್ಲೇಕ್. ಇವರಿಬ್ಬರ ಸಹಯೋಗವು ಮುಂದೆ ಹಲವು ದಶಕಗಳ ಕಾಲ ಬೆಳೆಯಿತು. ಅಣ್ಣತಮ್ಮಂದಿರ ಜಗಳ, ಊಟದ ಮೇಜಿನ ಮುಂದಿನ ಹಟ, ಮಲಗುವ ಹೊತ್ತಿನ ನೆಪಗಳು, ಅಪ್ಪನ ಸಿಡುಕು ಮುಂತಾದ ದಿನನಿತ್ಯದ ಸಂಗತಿಗಳೇ ಆ ಕವಿತೆಗಳ ವಸ್ತು. ಪ್ರಾಸ ಮತ್ತು ಛಂದಸ್ಸಿನ ಕಟ್ಟುಪಾಡಿಗೆ ಅನೇಕ ಕವಿತೆಗಳು ಒಳಪಟ್ಟಿಲ್ಲ. ಮಗುವೊಂದು ಉಸಿರು ಬಿಗಿಹಿಡಿದು ತನ್ನ ಗೆಳೆಯನಿಗೆ ನಡೆದುದನ್ನು ಹೇಳುವ ಧಾಟಿಯಲ್ಲಿ ಅವು ಸಾಗುತ್ತವೆ. ನಡುರಾತ್ರಿ ಎದ್ದು ಅಡುಗೆಮನೆಗೆ ನುಸುಳಿ ಚಾಕೊಲೇಟ್ ಕೇಕನ್ನು ಚೂರುಚೂರಾಗಿ ತಿಂದು ಮುಗಿಸುವ ಹುಡುಗನ ಪ್ರಸಂಗವುಳ್ಳ ಕವಿತೆಯು ಇಂಗ್ಲೆಂಡಿನ ಶಾಲಾಮಕ್ಕಳಲ್ಲಿ ಬಹು ಜನಪ್ರಿಯವಾಗಿದೆ.

1989ರಲ್ಲಿ ಹೆಲೆನ್ ಆಕ್ಸೆನ್‌ಬರಿ ಅವರ ಚಿತ್ರಗಳೊಂದಿಗೆ ಪ್ರಕಟವಾದ 'ವಿ ಆರ್ ಗೋಯಿಂಗ್ ಆನ್ ಎ ಬೇರ್ ಹಂಟ್' ರೋಸೆನ್ ಅವರಿಗೆ ವಿಶ್ವಖ್ಯಾತಿ ತಂದ ಕೃತಿ. ಕರಡಿಯ ಬೇಟೆಗೆ ಹೊರಟ ಕುಟುಂಬವೊಂದು ಹುಲ್ಲುಗಾವಲು, ಹೊಳೆ, ಕೆಸರು, ಕಾಡು, ಹಿಮಪಾತಗಳನ್ನು ದಾಟಿ ಗುಹೆಯಲ್ಲಿ ನಿಜವಾಗಿಯೂ ಕರಡಿಯನ್ನು ಕಂಡು, ಬಂದ ದಾರಿಯಲ್ಲೇ ಓಡಿ ಮನೆ ಸೇರುವುದು ಇದರ ಕಥೆ. ಇದು ಮೂಲತಃ ಮಕ್ಕಳು ಅಭಿನಯಿಸುತ್ತ ಹಾಡುವ ಒಂದು ಜನಪದ ಹಾಡು. ರೋಸೆನ್ ಅದನ್ನು ತಮ್ಮ ಕಾರ್ಯಕ್ರಮಗಳಲ್ಲಿ ಹಾಡುತ್ತಿದ್ದುದನ್ನು ಕಂಡ ಪ್ರಕಾಶನ ಸಂಸ್ಥೆಯ ಸಂಪಾದಕರೊಬ್ಬರು ಅದನ್ನು ಪುಸ್ತಕವಾಗಿಸುವಂತೆ ಕೇಳಿಕೊಂಡರು. ಹೀಗೆ, ಬಾಯಿಂದ ಬಾಯಿಗೆ ಬಂದ ಹಾಡೊಂದು ಮಕ್ಕಳ ಮುಂದಿನ ಪ್ರದರ್ಶನದ ಮೂಲಕ ಪುಸ್ತಕವನ್ನು ಸೇರಿತು. ಈ ಕೃತಿಗೆ ಆ ವರ್ಷದ ಸ್ಮಾರ್ಟೀಸ್ ಪ್ರಶಸ್ತಿ ದೊರೆಯಿತು.

ದುಃಖವನ್ನು ಕುರಿತ ಪುಸ್ತಕ

1999ರಲ್ಲಿ ರೋಸೆನ್ ಅವರ ಮಗ ಎಡ್ಡಿ ತನ್ನ ಹದಿನೆಂಟನೆಯ ವಯಸ್ಸಿನಲ್ಲಿ ಮೆನಿಂಜೈಟಿಸ್ ಸೋಂಕಿನಿಂದ ಹಠಾತ್ತನೆ ಮೃತನಾದನು. ಎಡ್ಡಿಯ ಬಾಲಲೀಲೆಗಳನ್ನು ತಂದೆಯ ಕವಿತೆಗಳಲ್ಲಿ ಓದಿದ್ದ ಮಕ್ಕಳು, ರೋಸೆನ್ ಶಾಲೆಗಳಿಗೆ ಹೋದಾಗ ಆತನ ವಿಷಯವನ್ನು ಕೇಳುತ್ತಿದ್ದರು. ಮಕ್ಕಳಿಗೆ ಸುಳ್ಳು ಹೇಳಲು ರೋಸೆನ್ ಒಪ್ಪಲಿಲ್ಲ. ಎಡ್ಡಿ ತೀರಿಕೊಂಡನೆಂದು ನೇರವಾಗಿಯೇ ತಿಳಿಸಿದರು.

ಈ ಅನುಭವದಿಂದ ರೂಪುಗೊಂಡುದು 2004ರ 'ಸ್ಯಾಡ್ ಬುಕ್'. ಕ್ವೆಂಟಿನ್ ಬ್ಲೇಕ್ ಅವರ ಚಿತ್ರಗಳುಳ್ಳ ಈ ಕಿರುಪುಸ್ತಕದ ಮೊದಲ ಪುಟದಲ್ಲಿ ಲೇಖಕರ ನಗುಮುಖವಿದೆ. ಆದರೆ ಅದು ದುಃಖವನ್ನು ಮರೆಮಾಡಲು ತೋರಿಸುತ್ತಿರುವ ನಗು ಎಂಬುದು ಪಕ್ಕದ ಬರಹದಿಂದ ತಿಳಿಯುತ್ತದೆ. ಸಂಕಟದಲ್ಲಿರುವ ಮನುಷ್ಯ ಕೆಲವೊಮ್ಮೆ ಅರ್ಥವಿಲ್ಲದ ಕೆಲಸಗಳನ್ನು ಮಾಡುವುದು, ಯಾರೊಡನೆಯೂ ಮಾತು ಬೇಡವೆನಿಸುವುದು, ಹಳೆಯ ನೆನಪೊಂದು ಹಿತ ನೀಡುವುದು ಎಲ್ಲವನ್ನೂ ಪುಸ್ತಕವು ಸರಳ ವಾಕ್ಯಗಳಲ್ಲಿ ಹೇಳುತ್ತದೆ. ಉರಿಯುವ ಮೇಣದಬತ್ತಿಯೊಂದರ ಮುಂದೆ ಲೇಖಕರು ಕುಳಿತಿರುವ ಚಿತ್ರದೊಂದಿಗೆ ಅದು ಮುಗಿಯುತ್ತದೆ. ಎಲ್ಲವೂ ಸರಿಹೋಯಿತೆಂಬ ಸಮಾಧಾನದ ಮಾತು ಅಲ್ಲಿಲ್ಲ. ಮರಣದಂತಹ ವಿಷಯವನ್ನು ಮಕ್ಕಳ ಮುಂದೆ ಎತ್ತಬಹುದೇ ಎಂಬ ಪ್ರಶ್ನೆಗೆ ಈ ಪುಸ್ತಕವು ಅನೇಕ ಅಧ್ಯಾಪಕರಿಗೂ ಪೋಷಕರಿಗೂ ದಾರಿ ತೋರಿಸಿದೆ.

ಶಾಲಾ ಭೇಟಿಗಳು

1970ರ ದಶಕದಲ್ಲಿ ರೋಸೆನ್ ಅವರು ಲಂಡನ್ನಿನ ಶಾಲೆಯೊಂದರಲ್ಲಿ ನಿವಾಸಿ ಲೇಖಕರಾಗಿದ್ದರು. ಅಂದರೆ ಬೋಧಕವರ್ಗಕ್ಕೆ ಸೇರದೆ, ಮಕ್ಕಳೊಡನೆ ಇದ್ದು ಬರೆಯುವ ಮತ್ತು ಬರೆಯಿಸುವ ಹೊಣೆ ಅವರದಾಗಿತ್ತು. ಅಂದಿನಿಂದ ಇಂಗ್ಲೆಂಡಿನ ಉದ್ದಗಲಕ್ಕೂ ಶಾಲೆಗಳು, ಗ್ರಂಥಾಲಯಗಳು, ಅಧ್ಯಾಪಕರ ಸಮ್ಮೇಳನಗಳು ಅವರ ಕಾರ್ಯಕ್ಷೇತ್ರವಾಗಿವೆ.

ಅವರ ಕಾರ್ಯಕ್ರಮದಲ್ಲಿ ಓದಿಗಿಂತ ಹೇಳುವಿಕೆಗೆ ಪ್ರಾಧಾನ್ಯ. ಹಲವು ಕವಿತೆಗಳನ್ನು ಪುಸ್ತಕ ನೋಡದೆಯೇ ಹೇಳುತ್ತಾರೆ. ಕಣ್ಣರಳಿಸುವುದು, ಕೈಬೀಸುವುದು, ಬಾಯಿಯಿಂದ ಬಗೆಬಗೆಯ ಸದ್ದು ಹೊರಡಿಸುವುದು, ಮಕ್ಕಳಿಂದ ಪಲ್ಲವಿಯನ್ನು ಹೇಳಿಸುವುದು ಇವೆಲ್ಲ ಆ ಹೇಳುವಿಕೆಯ ಅಂಗಗಳು. ಇಂತಹ ಪ್ರಸ್ತುತಿಗಳನ್ನು ಅವರ ಮಗ ಜೋ ಚಿತ್ರೀಕರಿಸಿ ಯೂಟ್ಯೂಬಿನಲ್ಲಿ ಹಾಕಿದ ಮೇಲೆ ಅವು ಇಂಗ್ಲೆಂಡಿನ ಹೊರಗೂ ಹಬ್ಬಿದವು. ಬಿಸಿ ತಿನಿಸನ್ನು ಕುರಿತ ಕವಿತೆಯೊಂದರಲ್ಲಿ ಅವರು ನಾಲಿಗೆ ಚಪ್ಪರಿಸಿ ಮೆಚ್ಚುಗೆ ಸೂಚಿಸುವ ತುಣುಕು ಅಂತರಜಾಲದಲ್ಲಿ ವ್ಯಾಪಕ ವಿನೋದದ ವಸ್ತುವಾಯಿತು.

ಮಕ್ಕಳಿಂದ ಬರೆಯಿಸುವ ತಮ್ಮ ವಿಧಾನವನ್ನು ಅವರು 1989ರ 'ಡಿಡ್ ಐ ಹಿಯರ್ ಯೂ ರೈಟ್?' ಎಂಬ ಪುಸ್ತಕದಲ್ಲಿ ವಿವರಿಸಿದ್ದಾರೆ. 'ವಸಂತ ಋತು', 'ಸೂರ್ಯೋದಯ' ಎಂಬಂತಹ ವಿಷಯವನ್ನು ಕೊಟ್ಟು ಕವಿತೆ ಬರೆಯಿರಿ ಎಂದರೆ ಮಗು ಬೇರೆಯವರ ಮಾತುಗಳನ್ನು ಜೋಡಿಸುತ್ತದೆ. ಅದರ ಬದಲು, ಮನೆಯಲ್ಲಿ ನಿಮಗೆ ಪದೇ ಪದೇ ಹೇಳುವ ಬುದ್ಧಿಮಾತು ಯಾವುದು, ತಪ್ಪು ಮಾಡಿ ಸಿಕ್ಕಿಬಿದ್ದಾಗ ಯಾರು ಏನೆಂದರು, ಆಗ ಮನಸ್ಸಿನೊಳಗೆ ನೀವು ಏನೆಂದುಕೊಂಡಿರಿ ಎಂದು ಕೇಳಿದರೆ ಕೂಡಲೇ ಮಾತು ಹೊರಡುತ್ತದೆ. ಆ ಮಾತನ್ನೇ ಸಾಲುಗಳಾಗಿ ಬರೆದರೆ ಕವಿತೆಯ ಮೊದಲ ಕರಡು ಸಿದ್ಧವಾಗುತ್ತದೆ. ಬರವಣಿಗೆ ಬಾರದೆಂದು ಹಿಂದೆ ಕುಳಿತ ಮಗುವಿಗೂ ಹೇಳಲು ಏನಾದರೂ ಇದ್ದೇ ಇರುತ್ತದೆ ಎಂಬ ನಂಬಿಕೆ ಈ ವಿಧಾನದ ಹಿಂದಿದೆ.

ಚಿಲ್ಡ್ರನ್ಸ್ ಲಾರಿಯೇಟ್ ಆಗಿದ್ದ ಅವಧಿಯಲ್ಲಿ ರೋಸೆನ್ ಅವರು ಹಾಸ್ಯಪ್ರಧಾನ ಮಕ್ಕಳ ಪುಸ್ತಕಗಳಿಗಾಗಿ 'ರೋಲ್ಡ್ ಡಾಲ್ ಫನ್ನಿ ಪ್ರೈಜ್' ಎಂಬ ಪ್ರಶಸ್ತಿಯ ಸ್ಥಾಪನೆಗೆ ಕಾರಣರಾದರು. 2009ರಲ್ಲಿ ಬಿ.ಬಿ.ಸಿ.ಯ ದೂರದರ್ಶನ ಕಾರ್ಯಕ್ರಮವೊಂದಕ್ಕಾಗಿ ಕಾರ್ಡಿಫ್ ನಗರದ ಪ್ರಾಥಮಿಕ ಶಾಲೆಯೊಂದರಲ್ಲಿ ಮಕ್ಕಳಿಗೂ ಅವರ ಮನೆಯವರಿಗೂ ಪುಸ್ತಕದ ರುಚಿ ಹತ್ತಿಸುವ ಪ್ರಯತ್ನ ನಡೆಸಿದರು.

ಕಣ್ಮರೆಯಾದ ಬಂಧುಗಳ ಹುಡುಕಾಟ

ರೋಸೆನ್ ಬಾಲಕರಾಗಿದ್ದಾಗ ತಂದೆ ಆಗಾಗ್ಗೆ ಫ್ರಾನ್ಸಿನಲ್ಲಿದ್ದ ತಮ್ಮ ತಂದೆಯ ಸೋದರರಾದ ಆಸ್ಕರ್ ಮತ್ತು ಮಾರ್ಟಿನ್ ಎಂಬುವರ ಮಾತೆತ್ತುತ್ತಿದ್ದರು. ಒಬ್ಬರು ಗಡಿಯಾರ ರಿಪೇರಿ ಮಾಡುವವರು, ಇನ್ನೊಬ್ಬರದು ಹಲ್ಲಿನ ವೈದ್ಯಕ್ಕೆ ಸಂಬಂಧಿಸಿದ ವೃತ್ತಿ. ಯುದ್ಧದ ಆರಂಭದಲ್ಲಿ ಇದ್ದವರು ಯುದ್ಧ ಮುಗಿಯುವ ಹೊತ್ತಿಗೆ ಇರಲಿಲ್ಲ ಎಂಬಷ್ಟಕ್ಕೇ ತಂದೆಯ ಮಾತು ನಿಂತುಹೋಗುತ್ತಿತ್ತು. ಅದಕ್ಕಿಂತ ಹೆಚ್ಚಿನ ವಿವರ ತಂದೆಗೂ ತಿಳಿದಿರಲಿಲ್ಲ. ಇದ್ದ ಮನುಷ್ಯರು ಹಾಗೆ ಇಲ್ಲವಾಗಲು ಹೇಗೆ ಸಾಧ್ಯ ಎಂಬ ಪ್ರಶ್ನೆ ಬಾಲಕನ ಮನಸ್ಸಿನಲ್ಲಿ ಉಳಿಯಿತು.

ನಡುವಯಸ್ಸು ದಾಟಿದ ಮೇಲೆ ರೋಸೆನ್ ಈ ಪ್ರಶ್ನೆಯ ಬೆನ್ನು ಹತ್ತಿದರು. ಅಮೆರಿಕದ ಬಂಧುಗಳ ಮನೆಯಲ್ಲಿ ಉಳಿದಿದ್ದ ಹಳೆಯ ಪತ್ರಗಳು, ಫ್ರಾನ್ಸಿನ ಸ್ಥಳೀಯ ಇತಿಹಾಸದ ಗ್ರಂಥಗಳು, ಗಡಿಪಾರಾದವರ ಪಟ್ಟಿಗಳು ಇವುಗಳಿಂದ ಒಂದೊಂದೇ ಎಳೆ ದೊರೆಯಿತು. ಆಸ್ಕರ್ ತಮ್ಮ ಪತ್ನಿ ರಾಶೆಲ್ ಅವರೊಡನೆ ಫ್ರಾನ್ಸಿನ ಪಶ್ಚಿಮ ಭಾಗದ ನಿಯೋರ್ ಎಂಬ ಊರಿನಲ್ಲಿ ಆಶ್ರಯ ಪಡೆದಿದ್ದರು. ಅದು ಜರ್ಮನ್ನರು ಆಕ್ರಮಿಸಿಕೊಂಡಿದ್ದ ಪ್ರದೇಶ. ಅಲ್ಲಿ ಯಹೂದ್ಯರು ತಮ್ಮ ಹೆಸರನ್ನು ಸರ್ಕಾರಿ ದಾಖಲೆಯಲ್ಲಿ ನೋಂದಾಯಿಸಬೇಕಾಗಿತ್ತು. 1942ರ ಜೂನ್‌ನಿಂದ ಉಡುಪಿನ ಮೇಲೆ ಹಳದಿ ನಕ್ಷತ್ರವನ್ನು ಧರಿಸಬೇಕಾಯಿತು. ದಂಪತಿಗಳು ಅಲ್ಲಿಂದ ತಪ್ಪಿಸಿಕೊಂಡು ದಕ್ಷಿಣದ ನೀಸ್ ನಗರವನ್ನು ಸೇರಿದರು. ಇಟಲಿಯ ಸೈನ್ಯದ ವಶದಲ್ಲಿದ್ದಷ್ಟು ಕಾಲ ನೀಸ್ ಯಹೂದ್ಯರಿಗೆ ಸುರಕ್ಷಿತ ತಾಣವಾಗಿತ್ತು. 1943ರ ಸೆಪ್ಟೆಂಬರ್‌ನಲ್ಲಿ ಇಟಲಿ ಶರಣಾದ ಕೂಡಲೇ ಜರ್ಮನ್ನರು ಆ ನಗರವನ್ನು ಪ್ರವೇಶಿಸಿದರು. ಆಸ್ಕರ್ ಮತ್ತು ರಾಶೆಲ್ ಸೆರೆಸಿಕ್ಕರು. ಅವರನ್ನು ಪ್ಯಾರಿಸ್ ಸಮೀಪದ ಡ್ರಾನ್ಸಿ ಶಿಬಿರಕ್ಕೆ ಒಯ್ಯಲಾಯಿತು. ಅಲ್ಲಿಂದ 1943ರ ನವೆಂಬರ್ 20ರಂದು ಹೊರಟ 62ನೆಯ ರೈಲಿನಲ್ಲಿ ಆಶ್‌ವಿಟ್ಜ್‌ಗೆ ಸಾಗಿಸಲಾಯಿತು.

ಮಾರ್ಟಿನ್ ಅವರನ್ನು 1944ರ ಜನವರಿಯಲ್ಲಿ ವಾಂದೆ ಪ್ರಾಂತದ ಹಳ್ಳಿಯೊಂದರಲ್ಲಿ ಫ್ರೆಂಚ್ ಪೊಲೀಸರೇ ರಾತ್ರಿಯ ಹೊತ್ತು ಬಂಧಿಸಿದರು. ಅವರೂ ಆಶ್‌ವಿಟ್ಜ್‌ನಲ್ಲಿ ಮಡಿದರು. ಫ್ರಾನ್ಸಿನಿಂದ ಹೀಗೆ ಗಡಿಪಾರಾದ ಯಹೂದ್ಯರ ಸಂಖ್ಯೆ ಸುಮಾರು 76,000. ಅವರಲ್ಲಿ ಮರಳಿ ಬಂದವರು ತೀರ ಕಡಮೆ.

ಇದೇ ಕುಟುಂಬದ ಪೋಲೆಂಡಿನ ಶಾಖೆಯಲ್ಲಿ ಒಬ್ಬ ಹುಡುಗ ಮಾತ್ರ ಬದುಕಿ ಉಳಿದನು. ತಂದೆತಾಯಿಗಳು ಅವನನ್ನು ಪೂರ್ವದಿಕ್ಕಿಗೆ ಕಳುಹಿಸಿದ್ದರು. ಸೋವಿಯತ್ ಶ್ರಮಶಿಬಿರದ ಕಷ್ಟಗಳನ್ನು ಅನುಭವಿಸಿ, ಬಳಿಕ ಪೋಲಿಷ್ ಸೈನ್ಯವನ್ನು ಸೇರಿ, ಇಟಲಿಯ ಯುದ್ಧದಲ್ಲಿ ಭಾಗವಹಿಸಿ, ಕೊನೆಗೆ ಅವನು ಲಂಡನ್ನಿಗೆ ಬಂದನು. ತನ್ನನ್ನು ಬೀಳ್ಕೊಟ್ಟ ತಂದೆತಾಯಿಗಳನ್ನು ಆತ ಮತ್ತೆಂದೂ ಕಾಣಲಿಲ್ಲ.

ಮಕ್ಕಳಿಗೆ ಇತಿಹಾಸ

ಈ ಹುಡುಕಾಟದ ಫಲವಾಗಿ 2020ರಲ್ಲಿ 'ದಿ ಮಿಸ್ಸಿಂಗ್' ಎಂಬ ಪುಸ್ತಕ ಹೊರಬಂದಿತು. ಹತ್ತು ವರ್ಷ ದಾಟಿದ ಮಕ್ಕಳನ್ನು ಉದ್ದೇಶಿಸಿದ ಈ ಕೃತಿಯಲ್ಲಿ ಗದ್ಯ, ಕವಿತೆ, ಪತ್ರ ಹಾಗೂ ಭಾವಚಿತ್ರಗಳು ಬೆರೆತಿವೆ. ಘಟನೆಗಳನ್ನು ಕಾಲಾನುಕ್ರಮದಲ್ಲಿ ನಿರೂಪಿಸುವುದರ ಜೊತೆಗೆ, ಒಂದೊಂದು ಸಂಗತಿಯೂ ತಮಗೆ ಹೇಗೆ ತಿಳಿದುಬಂದಿತು ಎಂಬುದನ್ನು ಲೇಖಕರು ಓದುಗರಿಗೆ ತೋರಿಸುತ್ತಾರೆ. ಯಾವುದು ಊಹೆ, ಯಾವುದು ದಾಖಲೆಯಿಂದ ಸಿದ್ಧವಾದುದು ಎಂಬ ವಿವೇಚನೆಯನ್ನು ಮಗು ಇದರಿಂದ ಕಲಿಯಬಹುದು. ಇತಿಹಾಸವೆಂದರೆ ಇಸವಿಗಳ ಪಟ್ಟಿ ಎಂದು ಭಾವಿಸಿರುವ ವಿದ್ಯಾರ್ಥಿಗೆ, ತನ್ನ ಅಜ್ಜಿಯ ಪೆಟ್ಟಿಗೆಯಲ್ಲಿರುವ ಹಳೆಯ ಕಾಗದವೂ ಇತಿಹಾಸದ ಆಕರವೆಂಬುದು ಮನವರಿಕೆಯಾಗುತ್ತದೆ.

ಲಕ್ಷಾಂತರ ಜನರ ಹತ್ಯೆ ಎಂಬ ಮಾತು ಮಗುವಿನ ಕಲ್ಪನೆಗೆ ನಿಲುಕುವುದಿಲ್ಲ. ಗಡಿಯಾರ ರಿಪೇರಿ ಮಾಡುತ್ತಿದ್ದ ಒಬ್ಬ ಮನುಷ್ಯ, ಅವನ ಹೆಂಡತಿ, ಅವರು ಓಡಿದ ಊರುಗಳು, ಹತ್ತಿದ ರೈಲು ಇವು ನಿಲುಕುತ್ತವೆ. ಶಾಲೆಗಳಲ್ಲಿ ಈ ಕಥೆಯನ್ನು ಹೇಳುವಾಗ ರೋಸೆನ್ ಅನುಸರಿಸುವ ಕ್ರಮ ಇದೇ. ಶಿಬಿರದೊಳಗಿನ ಕ್ರೌರ್ಯದ ವರ್ಣನೆಗಿಂತ, ಜನರ ಹೆಸರನ್ನು ಬರೆದುಕೊಳ್ಳುವುದರಿಂದ ಮೊದಲಾಗಿ ಹಂತ ಹಂತವಾಗಿ ಅವರನ್ನು ಸಮಾಜದಿಂದ ಹೊರಗಿಡುವ ಪ್ರಕ್ರಿಯೆಗೆ ಅವರ ಪುಸ್ತಕಗಳು ಹೆಚ್ಚು ಗಮನ ಕೊಡುತ್ತವೆ.

ಇದೇ ವರ್ಷ ಪ್ರಕಟವಾದ 'ಆನ್ ದಿ ಮೂವ್' ಎಂಬ ಕವನಸಂಕಲನವು ಲೇಖಕರ ಬಾಲ್ಯ, ಯುದ್ಧಕಾಲ, ಕುಟುಂಬದ ವಲಸೆ ಹಾಗೂ ಇಂದಿನ ನಿರಾಶ್ರಿತರ ಬವಣೆಗಳನ್ನು ಒಂದೇ ಸರಣಿಯಲ್ಲಿ ಪೋಣಿಸುತ್ತದೆ. 2022ರ 'ಪ್ಲೀಸ್ ರೈಟ್ ಸೂನ್' ಪೋಲೆಂಡಿನಿಂದ ಪಾರಾಗಿ ಬಂದ ಬಂಧುವಿನ ಜೀವನವನ್ನು ಆಧರಿಸಿ, ಇಬ್ಬರು ದಾಯಾದಿ ಹುಡುಗರ ಪತ್ರವ್ಯವಹಾರದ ರೂಪದಲ್ಲಿ ರಚಿತವಾಗಿದೆ. 2025ರಲ್ಲಿ ಬೆಂಜಮಿನ್ ಫಿಲಿಪ್ಸ್ ಅವರ ಚಿತ್ರಗಳೊಂದಿಗೆ ಬಂದ 'ಒನ್ ಡೇ' ಎಂಬ ಚಿತ್ರಪುಸ್ತಕಕ್ಕೆ ಆಸ್ಕರ್ ಮತ್ತು ರಾಶೆಲ್ ಇದ್ದ 62ನೆಯ ರೈಲೇ ಹಿನ್ನೆಲೆ. ಸುಮಾರು 1,200 ಮಂದಿಯನ್ನು ತುಂಬಿಕೊಂಡು ಹೊರಟಿದ್ದ ಆ ರೈಲಿನಿಂದ ಕೆಲವರು ಹೊರಗೆ ಜಿಗಿದು ಪ್ರಾಣ ಉಳಿಸಿಕೊಂಡರು. ಅವರಲ್ಲಿ ಯೂಜೀನ್ ಹ್ಯಾಂಡ್‌ಶೂ ಮತ್ತು ಆತನ ತಂದೆಯೂ ಇದ್ದರು. ತಮ್ಮ ಬಂಧುಗಳು ಬದುಕಲಿಲ್ಲವಾದರೂ ಅದೇ ರೈಲಿನಲ್ಲಿ ಬದುಕಿಕೊಂಡವರ ಕಥೆಯನ್ನು ರೋಸೆನ್ ಎಳೆಯ ಮಕ್ಕಳಿಗಾಗಿ ಆಯ್ದುಕೊಂಡಿದ್ದಾರೆ.

ಕೋವಿಡ್ ಮತ್ತು ಚೇತರಿಕೆ

2020ರ ಮಾರ್ಚ್ ಕೊನೆಯಲ್ಲಿ ರೋಸೆನ್ ಅವರು ಕೋವಿಡ್ ರೋಗದಿಂದ ತೀವ್ರವಾಗಿ ಅಸ್ವಸ್ಥರಾಗಿ ಲಂಡನ್ನಿನ ಆಸ್ಪತ್ರೆಯನ್ನು ಸೇರಿದರು. 48 ದಿನಗಳ ಕಾಲ ತೀವ್ರ ನಿಗಾ ಘಟಕದಲ್ಲಿದ್ದರು. ಅದರ ಬಹುಭಾಗವನ್ನು ವೈದ್ಯರು ಔಷಧಿಯಿಂದ ಉಂಟುಮಾಡಿದ ಪ್ರಜ್ಞಾಹೀನ ಸ್ಥಿತಿಯಲ್ಲಿ ಕಳೆದರು. ಆ ದಿನಗಳಲ್ಲಿ ದಾದಿಯರು ಅವರಿಗಾಗಿ ಒಂದು ದಿನಚರಿಯನ್ನು ಬರೆದಿಟ್ಟಿದ್ದರು. ಅದನ್ನೂ ಒಳಗೊಂಡ 'ಮೆನಿ ಡಿಫರೆಂಟ್ ಕೈಂಡ್ಸ್ ಆಫ್ ಲವ್' 2021ರಲ್ಲಿ ಪ್ರಕಟವಾಯಿತು. ಎಡಗಣ್ಣಿನ ದೃಷ್ಟಿ ಮತ್ತು ಎಡಗಿವಿಯ ಶ್ರವಣಶಕ್ತಿ ಬಹುಮಟ್ಟಿಗೆ ಕುಂದಿದರೂ, ನಡೆಯುವುದನ್ನು ಮರಳಿ ಕಲಿತು ಬರವಣಿಗೆಗೂ ಮಕ್ಕಳ ಕಾರ್ಯಕ್ರಮಗಳಿಗೂ ಹಿಂದಿರುಗಿದರು. ನಡೆಯಲು ನೆರವಾದ ಊರುಗೋಲನ್ನೇ ಗೆಳೆಯನೆಂದು ಚಿತ್ರಿಸುವ 'ಸ್ಟಿಕಿ ಮೆಕ್‌ಸ್ಟಿಕ್‌ಸ್ಟಿಕ್' ಅದೇ ವರ್ಷದ ಮಕ್ಕಳ ಪುಸ್ತಕ.

ಶಿಕ್ಷಣವನ್ನು ಕುರಿತ ನಿಲುವು

ರೋಸೆನ್ ಅವರು ಇಂಗ್ಲೆಂಡಿನ ಶಾಲಾ ಪರೀಕ್ಷಾಪದ್ಧತಿಯ ನಿಷ್ಠುರ ವಿಮರ್ಶಕರು. 2012ರಲ್ಲಿ ಚಿಕ್ಕ ಮಕ್ಕಳಿಗಾಗಿ ಜಾರಿಗೆ ಬಂದ ಅಕ್ಷರ-ಧ್ವನಿ ಪರೀಕ್ಷೆಯನ್ನೂ, ಮರುವರ್ಷ ಪ್ರಾಥಮಿಕ ಹಂತದ ಕೊನೆಯ ತರಗತಿಗೆ ತಂದ ವ್ಯಾಕರಣ ಪರೀಕ್ಷೆಯನ್ನೂ ಅವರು ಟೀಕಿಸಿದ್ದಾರೆ. ಅಕ್ಷರಗಳ ಧ್ವನಿಯನ್ನು ಕ್ರಮಬದ್ಧವಾಗಿ ಕಲಿಸಿದರೆ ಹಿಂದುಳಿದ ಮಕ್ಕಳಿಗೂ ಓದು ಸುಲಭವಾಗುತ್ತದೆ ಎಂಬುದು ಆ ನೀತಿಯ ಸಮರ್ಥಕರ ವಾದ. ಧ್ವನಿಪಾಠವನ್ನು ರೋಸೆನ್ ಸಾರಾಸಗಟಾಗಿ ತಿರಸ್ಕರಿಸುವುದಿಲ್ಲ. ಅದೊಂದನ್ನೇ ಓದಿನ ಮಾರ್ಗವೆಂದು ಭಾವಿಸುವುದು ಅವರಿಗೆ ಒಪ್ಪಿಗೆಯಿಲ್ಲ.

ಕಥೆಯನ್ನು ಓದಿದ ಮೇಲೆ ಒಂದೇ ಉತ್ತರವಿರುವ ಪ್ರಶ್ನೆಗಳನ್ನು ಕೇಳುವ ರೂಢಿಗೆ ಪ್ರತಿಯಾಗಿ ಅವರು ಕೆಲವು ಸರಳ ಪ್ರಶ್ನೆಗಳನ್ನು ಸೂಚಿಸುತ್ತಾರೆ. ಈ ಕಥೆಯು ನಿಮ್ಮ ಜೀವನದ ಯಾವುದಾದರೂ ಘಟನೆಯನ್ನು ನೆನಪಿಗೆ ತಂದಿತೇ? ನೀವು ಓದಿದ ಅಥವಾ ನೋಡಿದ ಬೇರೊಂದು ಕಥೆ ನೆನಪಾಯಿತೇ? ಕಥೆಯ ಪಾತ್ರವೊಂದನ್ನು ಏನಾದರೂ ಕೇಳಬಹುದಾಗಿದ್ದರೆ ಏನನ್ನು ಕೇಳುವಿರಿ? ಕೊನೆಯ ಪ್ರಶ್ನೆಗೆ ತರಗತಿಯ ಇತರ ಮಕ್ಕಳೇ ಆ ಪಾತ್ರವಾಗಿ ಉತ್ತರಿಸಬಹುದು. ಅಧ್ಯಾಪಕರಿಗೆ ಮೊದಲೇ ಉತ್ತರ ತಿಳಿದಿಲ್ಲದ ಪ್ರಶ್ನೆಗಳು ಇವು. ಆದುದರಿಂದಲೇ ಮಕ್ಕಳು ಅವುಗಳಿಗೆ ಉತ್ಸಾಹದಿಂದ ಉತ್ತರಿಸುತ್ತಾರೆ ಎಂಬುದು ರೋಸೆನ್ ಅವರ ಅಭಿಪ್ರಾಯ.

ಪ್ರಶಸ್ತಿ ಮತ್ತು ಗೌರವಗಳು

• 1997: ಮಕ್ಕಳ ಸಾಹಿತ್ಯ ಸೇವೆಗಾಗಿ ಎಲೀನರ್ ಫಾರ್ಜನ್ ಪ್ರಶಸ್ತಿ
• 2007–2009: ಬ್ರಿಟನ್ನಿನ ಐದನೆಯ ಚಿಲ್ಡ್ರನ್ಸ್ ಲಾರಿಯೇಟ್
• 2008: ಫ್ರೆಂಚ್ ಸರ್ಕಾರದಿಂದ ಕಲೆ ಮತ್ತು ಸಾಹಿತ್ಯ ಕ್ಷೇತ್ರದ ಶೆವಲಿಯೇ ಗೌರವ
• 2023: ಪೆನ್ ಪಿಂಟರ್ ಪ್ರಶಸ್ತಿ

ಪ್ರಮುಖ ಕೃತಿಗಳು

• ಮೈಂಡ್ ಯುವರ್ ಓನ್ ಬಿಸಿನೆಸ್ (1974): ಮಕ್ಕಳ ಕವಿತೆಗಳು
• ಕ್ವಿಕ್, ಲೆಟ್ಸ್ ಗೆಟ್ ಔಟ್ ಆಫ್ ಹಿಯರ್ (1983): ಮಕ್ಕಳ ಕವಿತೆಗಳು
• ವಿ ಆರ್ ಗೋಯಿಂಗ್ ಆನ್ ಎ ಬೇರ್ ಹಂಟ್ (1989): ಚಿತ್ರಪುಸ್ತಕ
• ಡಿಡ್ ಐ ಹಿಯರ್ ಯೂ ರೈಟ್? (1989): ಮಕ್ಕಳ ಬರವಣಿಗೆಯನ್ನು ಕುರಿತು
• ಸ್ಯಾಡ್ ಬುಕ್ (2004): ಚಿತ್ರಪುಸ್ತಕ
• ಸೋ ದೇ ಕಾಲ್ ಯೂ ಪಿಶರ್! (2017): ಬಾಲ್ಯ ಮತ್ತು ಯೌವನದ ಆತ್ಮಕಥನ
• ದಿ ಮಿಸ್ಸಿಂಗ್ (2020): ಕುಟುಂಬದ ಇತಿಹಾಸ
• ಆನ್ ದಿ ಮೂವ್ (2020): ವಲಸೆಯನ್ನು ಕುರಿತ ಕವಿತೆಗಳು
• ಮೆನಿ ಡಿಫರೆಂಟ್ ಕೈಂಡ್ಸ್ ಆಫ್ ಲವ್ (2021): ಕಾಯಿಲೆಯ ದಿನಗಳ ಗದ್ಯಕವಿತೆಗಳು
• ಪ್ಲೀಸ್ ರೈಟ್ ಸೂನ್ (2022): ಮಕ್ಕಳ ಕಥೆ
• ಒನ್ ಡೇ (2025): ಚಿತ್ರಪುಸ್ತಕ